ಅವಿರೋಧ ಆಯ್ಕೆ

ನಮ್ಮ ಶಾಲೆಯ ನಡಾವಳಿ ಪುಸ್ತಕದಲ್ಲಿ ನನ್ನ ಕೈಬರಹದ ಒಂದು ಸಾಲಿದೆ. ‘ಎಲ್ಲ ಸದಸ್ಯರನ್ನೂ ಸರ್ವಾನುಮತದಿಂದ, ಅವಿರೋಧವಾಗಿ ಆಯ್ಕೆ ಮಾಡಲಾಯಿತು.’ 2018ರ ಜುಲೈ ತಿಂಗಳ ಒಂದು ಶನಿವಾರದ ಸಭೆಯದು. ಅಕ್ಷರಗಳು ದುಂಡಗಿವೆ, ವರ್ಷಗಟ್ಟಲೆ ಮಕ್ಕಳಿಗೆ ಕಾಪಿ ಹಾಕಿಕೊಟ್ಟ ಕೈ ತಾನೆ. ಕೆಳಗೆ ಸಹಿಗಳು, ಸಹಿ ಬಾರದವರ ಹೆಬ್ಬೆಟ್ಟಿನ ಗುರುತುಗಳು. ಆ ಸಾಲು ಬರೆದ ದಿನ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಸಂಜೆ ಗಣೇಶಗುಡಿಯ ಮನೆಗೆ ಬಂದವಳೇ ಯಜಮಾನರಿಗೆ ಹೇಳಿದ್ದೆ: ‘ನೋಡಿ, ಒಂದು ಮಾತು ಹೆಚ್ಚುಕಡಿಮೆ ಇಲ್ಲದೆ ಮುಗಿಸಿದೆ.’ ಈಗ ಆ ಪುಟ ತೆರೆದರೆ ಬೇಗ ಮಗುಚಿಬಿಡುತ್ತೇನೆ.

ಗಣೇಶಗುಡಿ ಗೊತ್ತಿಲ್ಲದವರಿಗೆ ಎರಡು ಮಾತು. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದ್ದು ಇಲ್ಲಿ. ಹಳೆಯ ಸೂಪಾ ಪೇಟೆ ಅದರ ನೀರಿನಲ್ಲಿ ಮುಳುಗಿತು. ಅಲ್ಲಿಯ ಜನ ರಾಮನಗರದ ಕಡೆ ಹೋದರು, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಕಟ್ಟುವ ಕಾಲಕ್ಕೆ ಬಯಲುಸೀಮೆಯಿಂದಲೂ ಹೊರರಾಜ್ಯಗಳಿಂದಲೂ ಕೆಲಸಕ್ಕೆ ಬಂದವರಲ್ಲಿ ಕೆಲವರು ಇಲ್ಲಿಯೇ ಉಳಿದರು. ಈಗ ರಸ್ತೆಯುದ್ದಕ್ಕೂ ರಾಫ್ಟಿಂಗಿನ ಬೋರ್ಡುಗಳು, ಹೋಂಸ್ಟೇಗಳು. ನಮ್ಮ ಶಾಲೆ ಇಲ್ಲಿಂದ ಕೆಲವು ಮೈಲಿ ಒಳಗೆ. ಊರೆಂದರೆ ರಸ್ತೆಯ ಮಗ್ಗುಲಿಗೆ ಹತ್ತಿಪ್ಪತ್ತು ಮನೆ, ಗದ್ದೆಯಾಚೆ ಕುಣಬಿಗಳ ಕೇರಿ, ಮತ್ತೆ ಹಳ್ಳ ದಾಟಿ ಕಾಡಿನಲ್ಲಿ ಎರಡೂವರೆ ಕಿಲೋಮೀಟರ್ ನಡೆದರೆ ಗೌಳಿಗಳ ದಡ್ಡಿ. ಎಮ್ಮೆ ಸಾಕಿ ಹಾಲು ಬೆಣ್ಣೆ ಮಾರಿ ಬದುಕುವ ಜನ. ಮನೆಯಲ್ಲಿ ಅವರದು ಮರಾಠಿಯ ಒಂದು ಬಗೆ, ಕುಣಬಿಗಳದು ಕೊಂಕಣಿ, ರಸ್ತೆಬದಿಯವರಲ್ಲಿ ಅರ್ಧ ಜನರದು ಕನ್ನಡ. ನನ್ನ ತವರಿನ ಕಡೆ ಶಾಲೆ ಕಲಿಸುವ ಹೆಂಗಸನ್ನು ‘ಅಕ್ಕೋರೇ’ ಎಂದು ಕರೆಯುತ್ತಾರೆ. ಇಲ್ಲಿ ನಾನು ‘ಬಾಯಿ’. ಇತ್ತೀಚಿನ ಮಕ್ಕಳಿಗೆ ಮಾತ್ರ ‘ಟೀಚರ್’.

ಆ ಸಭೆ ನಡೆದದ್ದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಆಯ್ಕೆಗೆ. ಇಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ, ಎಸ್.ಡಿ.ಎಂ.ಸಿ. ಎಂದರೆ ಹೆಬ್ಬೆಟ್ಟಿನವರಿಗೂ ಅರ್ಥವಾಗುತ್ತದೆ. ನಾನು ಓದುವಾಗ ಇದ್ದದ್ದು ಬೆಟರ್‌ಮೆಂಟ್ ಕಮಿಟಿ. ಅದರಲ್ಲಿ ಊರಿನ ಶ್ಯಾನುಭೋಗರು, ಸಾಹುಕಾರರು, ಇನ್ನೊಬ್ಬ ದೊಡ್ಡವರು ಇರುತ್ತಿದ್ದರು. ಅವರ ಮಕ್ಕಳು ಶಾಲೆ ಬಿಟ್ಟು ಯಾವ ಕಾಲವಾಗಿದ್ದರೂ ಆಗಸ್ಟ್ ಹದಿನೈದಕ್ಕೆ ಕುರ್ಚಿ ಮಾತ್ರ ಅವರದೇ. ಡಾ. ರಾಜಾರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇಲೆ 2001ರಲ್ಲಿ ಸರ್ಕಾರ ಆದೇಶ ಹೊರಡಿಸಿ ಇದನ್ನು ಬದಲಿಸಿತು. ಇನ್ನು ಮುಂದೆ ಸಮಿತಿ ಪೋಷಕರದು, ಪೋಷಕರೇ ಸೇರಿ ತಮ್ಮೊಳಗಿನವರನ್ನು ಆರಿಸಬೇಕು ಎಂದಾಯಿತು. ಆಮೇಲೆ 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಬಿಗಿಯಾಗಿ ಹೇಳಿತು: ಸಮಿತಿಯಲ್ಲಿ ಮುಕ್ಕಾಲು ಪಾಲಾದರೂ ತಂದೆತಾಯಿ ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಇರಬೇಕು. ಶಾಲೆಯ ನಡೆಯನ್ನು ನೋಡಿಕೊಳ್ಳುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ಕೇಳುವುದು ಅದರ ಕೆಲಸ. ಬ್ಯಾಂಕಿನ ಜಂಟಿ ಖಾತೆಗೆ ಅಧ್ಯಕ್ಷರ ಸಹಿ, ಮುಖ್ಯೋಪಾಧ್ಯಾಯರ ಸಹಿ ಎರಡೂ ಬೇಕು. ಮುಖ್ಯೋಪಾಧ್ಯಾಯರು ಸದಸ್ಯ ಕಾರ್ಯದರ್ಶಿ. ಪ್ರಭಾರದ ಮೇಲೆ ಆ ಕುರ್ಚಿಯಲ್ಲಿದ್ದವಳು ನಾನು.

ಆಯ್ಕೆಗೆ ಹದಿನೈದು ದಿನ ಮೊದಲೇ ಊರಿನ ಹಿರಿಯರು ಒಂದು ಪಟ್ಟಿ ಮಾಡಿಕೊಂಡು ಬಂದಿದ್ದರು. ಅಧ್ಯಕ್ಷರಾಗಲು ರಸ್ತೆಬದಿಯ ಹೋಂಸ್ಟೇ ಯಜಮಾನರು. ಅವರು ಒಳ್ಳೆಯವರು, ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಮಕ್ಕಳಿಗೆ ಕೂರಲು ಚಾಪೆ ಕೊಡಿಸಿದ್ದರು, ಬಿಸಿಯೂಟದ ಅಡುಗೆಮನೆಗೆ ಎರಡು ಹಂಡೆ ಕೊಟ್ಟಿದ್ದರು, ಮಾತು ಮೃದು. ಪಟ್ಟಿಯಲ್ಲಿ ಹೆಂಗಸರ ಲೆಕ್ಕ ಸರಿಯಾಗಿತ್ತು. ಕುಣಬಿ ಕೇರಿಯವರಿದ್ದರು. ಗೌಳಿಗಳ ಲೆಕ್ಕಕ್ಕೂ ಒಬ್ಬರಿದ್ದರು. ಅವರು ದಡ್ಡಿ ಬಿಟ್ಟು ರಸ್ತೆಯ ಮೇಲೆಯೇ ಮನೆ ಮಾಡಿಕೊಂಡವರು, ಹೋಂಸ್ಟೇಯಲ್ಲೇ ಕೆಲಸಕ್ಕಿದ್ದವರು. ಕಾನೂನಿನ ಯಾವ ಕಲಮನ್ನು ಇಟ್ಟು ನೋಡಿದರೂ ತಪ್ಪು ಹುಡುಕಲಾಗದ ಪಟ್ಟಿ. ನಾನು ಅದನ್ನು ಎರಡು ಸಲ ಓದಿ, ಮಡಚಿ, ಹಾಜರಿ ಪುಸ್ತಕದೊಳಗೆ ಇಟ್ಟೆ.

ಸಭೆಯ ಹಿಂದಿನ ದಿನ ದಡ್ಡಿಯಿಂದ ಒಬ್ಬ ಹೆಂಗಸು ಬಂದಳು. ನಾಲ್ಕನೇ ತರಗತಿಯ ಹುಡುಗಿಯ ತಾಯಿ. ಹಾಲಿನ ಕ್ಯಾನನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖದ ಮಳೆನೀರು ಒರೆಸಿಕೊಂಡು, ಒಳಗೆ ಬರದೆ ಬಾಗಿಲಲ್ಲೇ ನಿಂತು, ‘ಬಾಯಿ, ನಾಳೆ ನನ್ನ ಹೆಸರೂ ಬರೀರಿ’ ಎಂದಳು. ಅವಳ ಮರಾಠಿಯೂ ನನ್ನ ಕನ್ನಡವೂ ಕೂಡಿದ ಭಾಷೆಯಲ್ಲಿ ನಡೆದ ಮಾತು ಅದು. ಅರ್ಥಕ್ಕೇನೂ ಕೊರತೆಯಾಗಲಿಲ್ಲ.

ನನಗೆ ಗಾಬರಿಯೇ ಆಯಿತು. ಅವಳನ್ನು ಅಡುಗೆಮನೆಯ ಜಗುಲಿಯ ಮೇಲೆ ಕೂರಿಸಿ, ಚಹಾ ಕೊಟ್ಟು, ಅರ್ಧ ತಾಸು ಮಾತಾಡಿದೆ. ಏನೆಲ್ಲ ಹೇಳಿದೆ! ಊರಲ್ಲಿ ಎಲ್ಲರೂ ಸೇರಿ ಒಪ್ಪಿದ ಪಟ್ಟಿ ಇದೆ, ನೀನು ನಿಂತರೆ ಆಯ್ಕೆಗೆ ಕೈ ಎತ್ತಿಸಬೇಕಾಗುತ್ತದೆ, ಪಂಚಾಯಿತಿ ಚುನಾವಣೆಯಲ್ಲಿ ಊರು ಎರಡಾದದ್ದು ನೆನಪಿಲ್ಲವೇ, ಶಾಲೆಯೊಳಗೂ ಅದೇ ಬೇಕೇ, ನಿಮ್ಮವರೊಬ್ಬರು ಪಟ್ಟಿಯಲ್ಲಿ ಇದ್ದೇ ಇದ್ದಾರಲ್ಲ, ತಿಂಗಳಿಗೊಮ್ಮೆ ಸಭೆ ಎಂದರೆ ಎಮ್ಮೆ ಬಿಟ್ಟು ಬರಲು ನಿನಗೆ ಆಗುತ್ತದೆಯೇ, ಮುಂದಿನ ಸಲ ನೋಡೋಣ. ಅವಳು ಚಹಾ ಕುಡಿದಳು. ಲೋಟ ತೊಳೆದು ಬೋರಲು ಹಾಕಿದಳು. ‘ಆಯ್ತು ಬಾಯಿ, ನೀವು ಹೇಳಿದ ಮೇಲೆ’ ಎಂದು ಕ್ಯಾನು ಎತ್ತಿಕೊಂಡು ಹೋದಳು.

ಅಷ್ಟು ಹೊತ್ತಿನಲ್ಲಿ ನಾನು ಕೇಳದ ಪ್ರಶ್ನೆ ಒಂದೇ: ಸಮಿತಿಯಲ್ಲಿದ್ದು ನೀನು ಏನು ಮಾಡಬೇಕೆಂದಿದ್ದೀ? ನಿನಗೇಕೆ ಬೇಕು ಎಂದು ಕೇಳಿದ್ದೆ. ಅದು ಕೇಳಿದ ಹಾಗೆ ಅಲ್ಲ, ಬೇಡ ಎಂದು ಹೇಳಿದ ಹಾಗೆ.

ಮರುದಿನ ಸಭೆ ಇಪ್ಪತ್ತೈದು ನಿಮಿಷಕ್ಕೆ ಮುಗಿಯಿತು. ಪಟ್ಟಿ ಓದಿದೆ, ‘ಎಲ್ಲರಿಗೂ ಒಪ್ಪಿಗೆಯೇ?’ ಎಂದೆ. ‘ಒಪ್ಪಿಗೆ’ ಎಂದರು. ಚಪ್ಪಾಳೆ. ಹೋಂಸ್ಟೇ ಯಜಮಾನರ ಕಡೆಯಿಂದ ಅವಲಕ್ಕಿ, ಚಹಾ. ಅವಳು ಬಂದಿದ್ದಳು, ಹಿಂದಿನ ಸಾಲಿನಲ್ಲಿ ಕೂತಿದ್ದಳು. ಒಪ್ಪಿಗೆ ಎಂದಳೋ ಇಲ್ಲವೋ ನಾನು ನೋಡಲಿಲ್ಲ. ನಡಾವಳಿಯಲ್ಲಿ ಅವಳ ಹೆಬ್ಬೆಟ್ಟಿದೆ.

ಅವಿರೋಧ ಆಯ್ಕೆ ಎಂದರೆ ನಮ್ಮಲ್ಲಿ ದೊಡ್ಡ ಗೌರವ. ಯಾವುದಾದರೂ ಸೊಸೈಟಿಗೋ ಪಂಚಾಯಿತಿಗೋ ಅವಿರೋಧವಾಗಿ ಆರಿಸಿಬಂದವರ ಭಾವಚಿತ್ರ ಪೇಪರಿನಲ್ಲಿ ಹಾರದ ಸಮೇತ ಬರುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಚಿಕ್ಕ ಊರಿನಲ್ಲಿ ಬದುಕಿದವರಿಗೆ ಗೊತ್ತು, ಇಲ್ಲಿ ವಿರೋಧ ಎಂಬುದು ಒಂದು ದಿನದ್ದಲ್ಲ. ಪೇಟೆಯಲ್ಲಿ ಮತ ಹಾಕಿದವನು ಮನೆಗೆ ಹೋಗಿ ಕದ ಹಾಕಿಕೊಳ್ಳಬಹುದು. ಇಲ್ಲಿ ನಾಳೆ ಬೆಳಿಗ್ಗೆ ನಾಟಿಗೆ ಅದೇ ಮನೆಯ ಆಳು ಬರಬೇಕು, ರಾತ್ರಿ ಹೊಟ್ಟೆನೋವು ಬಂದರೆ ಅವರದೇ ಜೀಪು ಬೇಕು, ಹೆಣ ಎತ್ತಲು ಅವರದೇ ಹೆಗಲು ಬೇಕು. ಪಂಚಾಯಿತಿ ಚುನಾವಣೆಯೊಂದರ ಮಾತಿಗೆ ಅಕ್ಕತಂಗಿಯರಂತಿದ್ದ ಇಬ್ಬರು ಅರಿಶಿನ ಕುಂಕುಮಕ್ಕೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗದಂತಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಜಗಳಕ್ಕೆ ಹೆದರಿದೆ ಎಂದರೆ ಅದು ಹೇಡಿತನ ಮಾತ್ರವಲ್ಲ, ಒಂದು ತಿಳಿವಳಿಕೆಯೂ ಹೌದು.

ಆದರೆ ಇದೇ ‘ಅವಿರೋಧ’ ಬೇರೆ ಕಡೆ ಏನಾಗಿದೆ ನೋಡಿ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ಹೆಚ್ಚು ಕೂಗಿದವನಿಗೆ ಸ್ಥಾನ, ಹಣ ಗುಡಿಗೆ, ಉಳಿದವರು ನಾಮಪತ್ರ ಹಾಕುವಂತಿಲ್ಲ. ಅದೂ ಅವಿರೋಧ ಆಯ್ಕೆಯೇ. ಓದಿ ನಾನು ‘ಛೆ’ ಎಂದೆ. ಎರಡು ಹಂಡೆ, ಹತ್ತು ಚಾಪೆ ನೆನಪಾದದ್ದು ಆಮೇಲೆ. ಅವರು ಅದನ್ನು ಬೆಲೆಯೆಂದು ಕೊಟ್ಟಿರಲಿಲ್ಲ. ತೆಗೆದುಕೊಂಡವಳು ನಾನು ಮನಸ್ಸಿನೊಳಗೆ ಲೆಕ್ಕ ಬರೆದಿಟ್ಟುಕೊಂಡಿದ್ದೆನೇನೋ.

ಶಾಲೆಯವಳಾಗಿ ನಾನು ಇದರಲ್ಲಿ ಮೋಸ ಹೋಗಬಾರದಿತ್ತು. ಭಾಗಾಕಾರ ಹೇಳಿಕೊಟ್ಟು ‘ಅರ್ಥ ಆಯ್ತಾ ಮಕ್ಕಳೇ?’ ಎಂದರೆ ಇಡೀ ತರಗತಿ ‘ಆಯ್ತೂ ಟೀಚರ್’ ಎಂದು ರಾಗವಾಗಿ ಹೇಳುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ನಂಬಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಎರಡನೇ ವರ್ಷಕ್ಕೇ ಗೊತ್ತಾಯಿತು, ಆ ರಾಗದಲ್ಲಿ ಅರ್ಥವಾದವರ ಧ್ವನಿ, ಆಗದವರ ಧ್ವನಿ, ಊಟದ ಗಂಟೆಗೆ ಕಾಯುತ್ತಿರುವವರ ಧ್ವನಿ ಎಲ್ಲ ಇರುತ್ತದೆ ಎಂದು. ಅರ್ಥವಾಗಿಲ್ಲ ಎಂದು ಹೇಳಲು ಒಂದು ಮಗುವಿಗೆ ಧೈರ್ಯ ಬರಬೇಕಾದರೆ ಅದರ ಹತ್ತಿರ ಹೋಗಿ ಸ್ಲೇಟು ನೋಡಬೇಕು. ಮೌನ ಸಮ್ಮತಿ ಲಕ್ಷಣ ಎಂಬ ಗಾದೆಯನ್ನು ಕಟ್ಟಿದವರು ತರಗತಿಯಲ್ಲಿ ನಿಂತವರಿರಲಾರರು. ಇದೆಲ್ಲ ಗೊತ್ತಿದ್ದ ನಾನು, ಅದೇ ಮಕ್ಕಳ ತಂದೆತಾಯಿಯರನ್ನು ಅದೇ ಕೋಣೆಯಲ್ಲಿ ಕೂರಿಸಿ, ಅದೇ ರಾಗದ ‘ಒಪ್ಪಿಗೆ’ಯನ್ನು ನಡಾವಳಿಗೆ ಇಳಿಸಿದೆ.

ಇನ್ನೊಂದನ್ನು ಹೇಳಲೇಬೇಕು. ಅದೇ ವರ್ಷ ಮೇ 12ರಂದು ವಿಧಾನಸಭೆಗೆ ಮತದಾನ. ನಮ್ಮಂಥವರಿಗೆ ಚುನಾವಣೆ ಕೆಲಸ ತಪ್ಪಿದ್ದಲ್ಲ. ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆಂದು ಹೇಳುವ ಶಿಕ್ಷಣ ಹಕ್ಕು ಕಾಯ್ದೆಯೇ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಮೂರನ್ನು ಬಿಟ್ಟುಕೊಟ್ಟಿದೆ. ಯಂತ್ರದ ಪೆಟ್ಟಿಗೆ ಹಿಡಿದುಕೊಂಡು ಹೋಗಿ, ರಾತ್ರಿ ಅಪರಿಚಿತ ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಗಾಗುವ ಮೊದಲೇ ಎದ್ದು ಯಂತ್ರದ ಸುತ್ತ ರಟ್ಟಿನ ಮರೆ ನಿಲ್ಲಿಸಿದೆವು. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನಲ್ಲೇ ತಯಾರಾಗುವಂಥದ್ದು. ಅದನ್ನು ಹಚ್ಚುವಾಗ ಪ್ರತಿಸಲವೂ ನನಗೊಂದು ಹೆಮ್ಮೆ. ಮಧ್ಯಾಹ್ನ ಒಬ್ಬ ಅಜ್ಜಿಯ ಜೊತೆ ಮೊಮ್ಮಗ ಬಂದ. ‘ಅಜ್ಜಿಗೆ ತಿಳಿಯೋದಿಲ್ಲ, ನಾನೇ ಒತ್ತುತ್ತೇನೆ’ ಎಂದ. ಅಜ್ಜಿಗೆ ಕಣ್ಣು ಕಾಣುತ್ತಿತ್ತು, ಕೈ ಆಡುತ್ತಿತ್ತು. ನಾನು ಬಿಡಲಿಲ್ಲ. ಹುಡುಗ ರೇಗಿದ, ಏಜೆಂಟರು ‘ಹೋಗಲಿ ಬಿಡಿ ಮೇಡಂ’ ಎಂದರು. ಆದರೂ ಬಿಡಲಿಲ್ಲ. ಅಜ್ಜಿ ಒಬ್ಬಳೇ ಮರೆಯ ಹಿಂದೆ ಹೋದಳು, ಸ್ವಲ್ಪ ಹೊತ್ತಾಯಿತು, ಬೀಪ್ ಎಂಬ ಸದ್ದು ಬಂತು, ನಗುತ್ತ ಹೊರಗೆ ಬಂದಳು. ಲಕ್ಷಗಟ್ಟಲೆ ಮತಗಳಲ್ಲಿ ಒಂದು ಮತದ ಮರ್ಯಾದೆ ಕಾಪಾಡಲು ಅಷ್ಟು ಹಟ ಹಿಡಿದವಳು, ಎರಡು ತಿಂಗಳ ಮೇಲೆ, ನಲವತ್ತು ಮನೆಯವರ ಆಯ್ಕೆಯಲ್ಲಿ ಆ ಮೊಮ್ಮಗನ ಕೆಲಸವನ್ನು ಖುದ್ದಾಗಿ ಮಾಡಿದೆ. ‘ಅವಳಿಗೆ ತಿಳಿಯೋದಿಲ್ಲ, ನಾನೇ ಒತ್ತುತ್ತೇನೆ.’

2019ರ ಆಗಸ್ಟಿನ ಮಳೆ ನಮ್ಮ ಜಿಲ್ಲೆಯವರು ಮರೆಯುವಂಥದ್ದಲ್ಲ. ಕಾಳಿ ಉಕ್ಕಿ ಹರಿಯಿತು, ಶಾಲೆಗಳಿಗೆ ರಜೆ ಕೊಟ್ಟರು. ರಜೆ ಮುಗಿದ ಮೇಲೆ ದಡ್ಡಿಯ ಮಕ್ಕಳು ಒಬ್ಬೊಬ್ಬರಾಗಿ ಬಂದರು, ಆ ಹುಡುಗಿ ಬರಲಿಲ್ಲ. ಆಗ ಐದನೇ ತರಗತಿ. ಲೆಕ್ಕದಲ್ಲಿ ಚುರುಕು, ಪ್ರಾರ್ಥನೆಗೆ ಮುಂದೆ ನಿಲ್ಲುವ ಹುಡುಗಿ. ಒಂದು ವಾರ, ಎರಡು ವಾರ ಕಾದೆ. ದೀರ್ಘ ಗೈರುಹಾಜರಿಯ ನಮೂನೆ ಕಳಿಸುವ ದಿನ ಬಂತು. ಅದರಲ್ಲಿ ‘ಕಾರಣ’ ಎಂದು ಒಂದು ಅಂಕಣ. ಸಂಜೆ ಸಿ.ಆರ್.ಪಿ. ಬಂದು ಕೂತಿದ್ದರು, ಬಸ್ಸಿಗೆ ಹೊತ್ತಾಗುತ್ತಿತ್ತು. ಎಲ್ಲರೂ ಬರೆಯುವುದನ್ನೇ ನಾನೂ ಬರೆದೆ: ‘ಪೋಷಕರ ನಿರಾಸಕ್ತಿ’.

ನಾಲ್ಕು ದಿನ ಬಿಟ್ಟು ಮಳೆ ಹೊಳವಾದಾಗ ಮನೆ ಭೇಟಿಗೆ ದಡ್ಡಿಗೆ ಹೋದೆ. ಹತ್ತು ವರ್ಷದಲ್ಲಿ ಆ ದಾರಿಯನ್ನು ಮಳೆಗಾಲದಲ್ಲಿ ನಾನು ತುಳಿದದ್ದು ಅದೇ ಮೊದಲು. ಹಳ್ಳದಲ್ಲಿ ನೀರು ಇಳಿದಿದ್ದರೂ ನನ್ನ ಮೊಣಕಾಲಿನವರೆಗಿತ್ತು. ಅಡ್ಡಲಾಗಿ ಹಾಕಿದ್ದ ಎರಡು ಅಡಿಕೆ ದಬ್ಬೆಗಳಲ್ಲಿ ಒಂದು ಕೊಚ್ಚಿಹೋಗಿತ್ತು. ಮೇಲೆ ಹತ್ತಿದರೆ ಕಾಡು ಎಷ್ಟು ದಟ್ಟವೆಂದರೆ ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚುವ ಹೊತ್ತಿನಂತಿತ್ತು. ಜೊತೆಗೆ ಬಂದ ಹುಡುಗ, ಇಲ್ಲಿ ಕರಡಿ ಹುತ್ತ ಕೆದರಿದೆ ನೋಡಿ ಬಾಯಿ ಎಂದು ಸಹಜವಾಗಿ ತೋರಿಸಿದ.

ಆ ತಾಯಿ ಕರುಗಳಿಗೆ ಹುಲ್ಲು ಹಾಕುತ್ತಿದ್ದಳು. ಬೈಗುಳವಿಲ್ಲ, ಅಳುವಿಲ್ಲ. ‘ಹಳ್ಳದಾಗ ಒಮ್ಮೆ ಕಾಲು ಜಾರಿತ್ತು ಬಾಯಿ, ದೊಡ್ಡ ಹುಡುಗರು ಹಿಡಕೊಂಡರು. ಮಳೆಗಾಲದಾಗ ಸಾಲಿ ಬಿಟ್ಟು ಇಲ್ಲಿ ಬರೂದರಾಗ ಕತ್ತಲು. ಇನ್ನ ದೊಡ್ಡಾಕಿ ಆಗ್ತಾಳ. ಅರ್ಧ ತಾಸು ಮೊದಲು ಬಿಡ್ತೀರೇನು ಅಂತ ಕೇಳಬೇಕಂತಿದ್ದೆ. ಸಂಕ ಹಾಕಿಸಿ ಅಂತ ಪಂಚಾಯಿತಿಗೆ ಬರೀಬೇಕಂತಿದ್ದೆ. ಕಮಿಟಿಯವರು ಬರೆದರೆ ಓದ್ತಾರಂತಲ್ಲ, ಅದಕ್ಕ ಹೆಸರು ಕೊಡಾಕ ಬಂದಿದ್ದೆ.’

ಒಂದು ವರ್ಷದ ನಂತರ ನನಗೆ ಉತ್ತರ ಸಿಕ್ಕಿತ್ತು, ನಾನು ಕೇಳದಿದ್ದ ಪ್ರಶ್ನೆಗೆ. ಆ ವರ್ಷದ ನಡಾವಳಿ ಪುಸ್ತಕ ತಿರುವಿದರೆ ಧ್ವಜಸ್ತಂಭದ ಕಟ್ಟೆಗೆ ಬಣ್ಣ, ಗೇಟು, ಶಾಲೆಯ ಹೆಸರಿನ ಫಲಕ ಎಲ್ಲ ಇವೆ. ಎಲ್ಲವೂ ರಸ್ತೆಯಿಂದ ಕಾಣುವಂಥವು. ಹಳ್ಳ ರಸ್ತೆಯಿಂದ ಕಾಣುವುದಿಲ್ಲ. ಸಮಿತಿಯಲ್ಲಿದ್ದವರು ಕೆಟ್ಟವರಾಗಿ ಅದನ್ನು ಬಿಟ್ಟದ್ದಲ್ಲ, ಅವರ ಮಕ್ಕಳ ಕಾಲಿಗೆ ಆ ನೀರು ತಾಗಿರಲಿಲ್ಲ. ನನ್ನ ಕಾಲಿಗೂ ಅಂದಿನವರೆಗೆ ತಾಗಿರಲಿಲ್ಲ. ಇನ್ನು ‘ಪೋಷಕರ ನಿರಾಸಕ್ತಿ’? ಆಸಕ್ತಿ ಹೊತ್ತುಕೊಂಡು ಮಳೆಯಲ್ಲಿ ಎರಡೂವರೆ ಕಿಲೋಮೀಟರ್ ನಡೆದು ಬಂದದ್ದನ್ನು ಚಹಾ ಕೊಟ್ಟು ಹಿಂದಕ್ಕೆ ಕಳಿಸಿದವಳೇ ನಾನು. ನಮೂನೆಯನ್ನು ತಿದ್ದಿ ಕಳಿಸಬಹುದಿತ್ತೇ? ಕಳಿಸಬಹುದಿತ್ತು. ಕಳಿಸಲಿಲ್ಲ. ತಿದ್ದಿದರೆ ಕಾರಣದ ಅಂಕಣದಲ್ಲಿ ಏನು ಬರೆಯಬೇಕಿತ್ತೋ ಅದನ್ನು ಬರೆಯುವ ಧೈರ್ಯ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ನನ್ನನ್ನು ಕಾಡಿದ್ದು ಈ ಒಂದು ಮಾತು. ಊರಿನ ಶಾಂತಿಗಾಗಿ ಒಬ್ಬರು ಹಿಂದೆ ಸರಿಯಬೇಕು ಎಂದಾಗ, ನಾನು ಯಾಕೆ ಹೋಂಸ್ಟೇ ಯಜಮಾನರ ಹತ್ತಿರ ಹೋಗಲಿಲ್ಲ? ‘ನೀವೊಬ್ಬರು ಬಿಟ್ಟುಕೊಡಿ, ಊರಿಗೆ ಒಳ್ಳೆಯದಾಗುತ್ತದೆ’ ಎಂದು ಅವರಿಗೂ ಹೇಳಬಹುದಿತ್ತು. ಅವರು ಒಳ್ಳೆಯವರು, ಬಿಟ್ಟುಕೊಡುತ್ತಿದ್ದರೇನೋ. ಆ ಆಲೋಚನೆ ನನ್ನ ತಲೆಗೇ ಬರಲಿಲ್ಲ. ಶಾಂತಿ ಬೇಕಾದಾಗ ನಮ್ಮ ಕಾಲುಗಳು ತಾವಾಗಿಯೇ ಯಾರ ಮನೆಯ ಕಡೆ ನಡೆಯುತ್ತವೆ? ಮನೆಯೊಳಗೆ ಅತ್ತೆ ಸೊಸೆಯರ ಮನಸ್ತಾಪವಾದರೆ ‘ನೀನೇ ಸುಧಾರಿಸಿಕೊಳ್ಳಮ್ಮ’ ಎಂದು ಹೇಳುವುದು ಯಾರಿಗೆಂದು ಪ್ರತಿ ಹೆಂಗಸಿಗೂ ಗೊತ್ತು, ನನಗೂ ಆ ಮಾತನ್ನು ಹೇಳಿದ್ದಾರೆ. ಜಗಳವಾಗಬಹುದು ಎಂಬ ನನ್ನ ಹೆದರಿಕೆ ನಿಜವಾದದ್ದು. ಆದರೆ ಆ ಹೆದರಿಕೆಯ ಖರ್ಚನ್ನು ಕೊಡಲು ಅತಿ ಕಡಿಮೆ ಇದ್ದವರ ಹತ್ತಿರವೇ ಕೇಳಿದೆ, ಏಕೆಂದರೆ ಅವರು ಇಲ್ಲ ಎನ್ನುವುದಿಲ್ಲ ಎಂದು ಗೊತ್ತಿತ್ತು.

ಬರೆಯುತ್ತ ಬರೆಯುತ್ತ ಇನ್ನೊಂದು ಕಣ್ಣಿಗೆ ಬಿತ್ತು. ಹೋಂಸ್ಟೇಯವರನ್ನು ‘ಅವರು’ ಎಂದೂ ಆ ತಾಯಿಯನ್ನು ‘ಅವಳು’ ಎಂದೂ ಬರೆದುಕೊಂಡು ಬಂದಿದ್ದೇನೆ. ಅಂದು ಮಾತಾಡಿದ್ದೂ ಹಾಗೆಯೇ, ಅವರಿಗೆ ನೀವು, ಇವಳಿಗೆ ನೀನು. ವಯಸ್ಸಿನಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಮೇಲೆ ಬರೆದದ್ದನ್ನು ತಿದ್ದುವುದಿಲ್ಲ, ಇದ್ದದ್ದು ಇದ್ದಂತೆ ಇರಲಿ.

ಬಿ.ಎ.ಗೆ ಇತಿಹಾಸ ಓದಿದ ಚಟಕ್ಕೆ, ಬೇರೆ ದೇಶಗಳಲ್ಲಿ ಇದು ಹೇಗಿದೆಯೆಂದು ಹುಡುಕಿ ಓದಿದೆ. ಇಂಗ್ಲೆಂಡಿನಲ್ಲಿ 1870ರ ಶಿಕ್ಷಣ ಕಾಯ್ದೆಯಿಂದ ಶಾಲಾ ಮಂಡಳಿಗಳು ಬಂದವು, ಅವುಗಳಿಗೆ ಚುನಾವಣೆ. ಪಾರ್ಲಿಮೆಂಟಿಗೆ ಮತ ಹಾಕಲು ಹೆಂಗಸರು 1918ರವರೆಗೆ ಕಾಯಬೇಕಾಯಿತು, ಆಗಲೂ ಮೂವತ್ತು ದಾಟಿದ ಕೆಲವರಿಗೆ ಮಾತ್ರ. ಆದರೆ ಶಾಲಾ ಮಂಡಳಿಗೆ 1870ರಲ್ಲೇ ನಿಲ್ಲಬಹುದಿತ್ತು. ಆ ವರ್ಷ ಲಂಡನ್ ಶಾಲಾ ಮಂಡಳಿಗೆ ಇಬ್ಬರು ಹೆಂಗಸರು ಗೆದ್ದರು: ಡಾಕ್ಟರಾಗಿದ್ದ ಎಲಿಜಬೆತ್ ಗ್ಯಾರೆಟ್ ಮತ್ತು ಹೆಣ್ಣುಮಕ್ಕಳ ಕಾಲೇಜಿಗಾಗಿ ದುಡಿದ ಎಮಿಲಿ ಡೇವಿಸ್. ಗ್ಯಾರೆಟ್ ಅವರಿಗೆ ಮೆರಿಲೆಬೋನ್ ಕ್ಷೇತ್ರದಲ್ಲಿ 47,000ಕ್ಕೂ ಹೆಚ್ಚು ಮತ ಬಂದು, ಗಂಡಸರೆಲ್ಲರಿಗಿಂತ ಮೊದಲಿಗರಾದರು. ನನಗೆ ಇದಕ್ಕಿಂತ ಹಿಡಿಸಿದ್ದು ಮತ ಹಾಕುವ ರೀತಿ. ಎಷ್ಟು ಸ್ಥಾನಗಳೋ ಒಬ್ಬೊಬ್ಬರಿಗೆ ಅಷ್ಟು ಮತ. ಬೇಕಾದರೆ ಹಂಚಬಹುದು, ಬೇಕಾದರೆ ಎಲ್ಲವನ್ನೂ ಒಬ್ಬರಿಗೇ ಸುರಿಯಬಹುದು. ಹೀಗಾಗಿ ಊರಿನಲ್ಲಿ ಕೆಲವೇ ಮನೆಗಳಿದ್ದ ಪಂಗಡದವರೂ ತಮ್ಮ ಮತಗಳನ್ನೆಲ್ಲ ಒಟ್ಟುಮಾಡಿ ತಮ್ಮವರೊಬ್ಬರನ್ನು ಒಳಗೆ ಕೂರಿಸಬಲ್ಲವರಾಗಿದ್ದರು. ಯಾರದೋ ಪಟ್ಟಿಯಲ್ಲಿ ತಮ್ಮ ಲೆಕ್ಕಕ್ಕೆ ಒಬ್ಬರನ್ನು ಬೇರೆಯವರು ಆರಿಸುವುದಲ್ಲ, ತಾವೇ ಆರಿಸುವುದು. 1902ರಲ್ಲಿ ಆ ಮಂಡಳಿಗಳು ರದ್ದಾದವು. ಆದರೂ ನಮ್ಮ ದಡ್ಡಿಯ ಏಳು ಮನೆಗಳಿಗೆ ಹಾಗೊಂದು ಮತಪತ್ರ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಕೂತು ಲೆಕ್ಕ ಹಾಕಿದ್ದೇನೆ. ಗೆಲ್ಲುತ್ತಿದ್ದರು.

ನನ್ನ ಮತ? ನನಗೆ ಅಲ್ಲಿ ಮತವಿಲ್ಲ. ಆ ಸಮಿತಿ ಪೋಷಕರದು, ನಾನು ಪೋಷಕಳಲ್ಲ. ನನ್ನ ಮಗ ಓದಿದ್ದು ದಾಂಡೇಲಿಯ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಬೆಳಿಗ್ಗೆ ಅವನನ್ನು ಹಳದಿ ವ್ಯಾನಿಗೆ ಹತ್ತಿಸಿ, ನಾನು ಬೇರೆಯವರ ಮಕ್ಕಳಿಗೆ ಕಲಿಸಲು ಈ ಕಡೆಯ ಬಸ್ಸು ಹತ್ತುತ್ತಿದ್ದೆ. ಅದಕ್ಕೆ ಕೊಡುವ ಸಮಾಧಾನಗಳು ನನ್ನಲ್ಲಿ ಬೇಕಾದಷ್ಟಿವೆ, ಇಲ್ಲಿ ಬರೆಯುವುದಿಲ್ಲ. ಆದರೆ ಆ ವ್ಯಾನು ಅರ್ಧ ತಾಸು ತಡವಾದ ದಿನ ನಾನು ಆ ಶಾಲೆಗೆ ಫೋನು ಮಾಡಿ ಎಷ್ಟು ಜೋರಾಗಿ ಮಾತಾಡಿದ್ದೆನೆಂದು ನೆನಪಿದೆ. ಹಾಗೆ ಮಾತಾಡಲು ನನಗೆ ಯಾವ ಸಮಿತಿಯೂ ಬೇಕಿರಲಿಲ್ಲ. ಫೀ ಕಟ್ಟಿದ ರಸೀದಿ ಇತ್ತು.

2020ರ ಮಾರ್ಚ್‌ನಿಂದ ಕೊರೋನಾ ಬಂದು ಶಾಲೆಯೇ ಮುಚ್ಚಿತು. ಸಮಿತಿಯ ಮೂರು ವರ್ಷ ಮುಗಿದರೂ ಹೊಸ ಆಯ್ಕೆ ತಡವಾಗಿ 2022ಕ್ಕೆ ಬಂತು. ಈ ಸಲ ಪಟ್ಟಿ ತಂದವರಿಗೆ, ಚೀಟಿ ಹಾಕೋಣ ಎಂದೆ. ಯಾರಿಗೂ ಹಿಡಿಸಲಿಲ್ಲ. ‘ನಮ್ಮಲ್ಲಿ ಇಲ್ಲದ ಜಗಳ ನೀವು ತಂದು ಹಾಕ್ತೀರಿ’ ಎಂದು ಒಬ್ಬರು ಮುಖದ ಮೇಲೆಯೇ ಹೇಳಿದರು. ಓದು ಬಾರದವರಿಗಾಗಿ ಹೆಸರಿನ ಪಕ್ಕ ಕೊಡೆ, ಗಡಿಯಾರ, ಮಾವಿನಹಣ್ಣು, ಎತ್ತಿನ ಗಾಡಿ ಎಂದು ಏಳನೆಯ ತರಗತಿಯ ಮಕ್ಕಳ ಕೈಲಿ ಚಿತ್ರ ಬಿಡಿಸಿದೆ. ಬಿಸ್ಕತ್ತಿನ ಡಬ್ಬಿಗೆ ಮೇಲೆ ಸೀಳು. ನಕಾಶೆಯ ಸ್ಟ್ಯಾಂಡಿಗೆ ಬೆಡ್‌ಶೀಟು ಇಳಿಬಿಟ್ಟು ಮರೆ. ಮೂವತ್ತೆಂಟು ಮನೆಯವರು ಮತ ಹಾಕಿದರು. ನಗು, ಗದ್ದಲ, ಒಬ್ಬರು ಮಾವಿನಹಣ್ಣನ್ನು ಗೇರುಹಣ್ಣೆಂದು ತಿಳಿದ ತಕರಾರು.

ಜಗಳ ಆಯಿತೇ? ಆಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದೇ ಮತದಿಂದ ಸೋತವರು ಗೆದ್ದವರ ಅಂಗಡಿಗೆ ಹೋಗುವುದನ್ನು ಬಿಟ್ಟರು. ಬಿಸಿಯೂಟಕ್ಕೆ ತರಕಾರಿ ತರುವ ವಿಷಯಕ್ಕೆ ಮೊದಲ ಎರಡು ಸಭೆಗಳಲ್ಲಿ ಬರೀ ಕಚ್ಚಾಟ. ಹೋಂಸ್ಟೇ ಯಜಮಾನರು ಗೆದ್ದರೂ ನಾಲ್ಕನೆಯವರಾಗಿ ಬಂದರು, ಅವರ ಮುಖ ಸಣ್ಣದಾಗಿತ್ತು. ಆ ಸಂಜೆ ಒಬ್ಬಳೇ ಕೂತು ಡಬ್ಬಿಯಿಂದ ಚೀಟಿ ತೆಗೆದು ಕಟ್ಟುವಾಗ, ನಾಲ್ಕು ವರ್ಷದ ಹಿಂದಿನ ಅವಲಕ್ಕಿ ಚಹಾವೇ ಒಳ್ಳೆಯದಿತ್ತು ಅನ್ನಿಸಲಿಲ್ಲವೆಂದರೆ ಸುಳ್ಳಾದೀತು.

ದಡ್ಡಿಯಿಂದ ಈ ಸಲ ಯಾರೂ ಗೆಲ್ಲಲಿಲ್ಲ, ಯಾರೂ ನಿಂತೂ ಇರಲಿಲ್ಲ. ಆ ತಾಯಿಗೆ ಹೇಳಿ ಕಳಿಸಬೇಕೆಂದು ಪೋಷಕರ ಯಾದಿ ತೆಗೆದಾಗ ಅದರಲ್ಲಿ ಅವರ ಹೆಸರು ಇರಲಿಲ್ಲ. ಹೇಗಿರುತ್ತದೆ? ಮಗು ಶಾಲೆಯಲ್ಲಿದ್ದವರು ಮಾತ್ರ ಪೋಷಕರು. ಮಗಳು ಶಾಲೆ ಬಿಟ್ಟ ದಿನವೇ ಶಾಲೆಯ ಮೇಲಿನ ಅವರ ಹಕ್ಕೂ ಬಿಟ್ಟುಹೋಗಿತ್ತು. ಶಾಲೆ ಯಾರಿಗೆ ಅನುಕೂಲವಾಗಿ ನಡೆದಿದೆಯೋ ಅವರೇ ಉಳಿದಿರುತ್ತಾರೆ, ಅವರೇ ಮತ ಹಾಕುತ್ತಾರೆ. ಯಾರಿಗೆ ನಡೆಯಲಾಗಲಿಲ್ಲವೋ ಅವರನ್ನು ಕೇಳುವ ಅಂಕಣ ಆ ಯಾದಿಯಲ್ಲಿಲ್ಲ. ಕಾಯ್ದೆ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಇದಕ್ಕೆ ಏನು ಪರಿಹಾರವೆಂದು ನನಗೂ ಹೊಳೆಯುವುದಿಲ್ಲ.

ಹೊಸ ಸಮಿತಿಯ ಮೂರನೇ ಸಭೆಯಲ್ಲಿ ಹಳ್ಳದ ವಿಷಯ ನಾನೇ ಎತ್ತಿದೆ. ಊರವರು ಸೇರಿ ಮೂರು ಹೊಸ ದಬ್ಬೆ ಹಾಕಿ, ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿದರು. ಮಳೆಗಾಲದಲ್ಲಿ ದಡ್ಡಿಯ ಮಕ್ಕಳನ್ನು ಅರ್ಧ ತಾಸು ಮೊದಲು ಕಳಿಸುತ್ತೇವೆ. ಕೊನೆಯ ಪಿರಿಯಡ್ಡು ಅವರಿಗೆ ತಪ್ಪುತ್ತದೆ, ಅದನ್ನು ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಹೇಳಿಕೊಡುತ್ತೇನೆ, ಆದಷ್ಟು. ಆ ಹುಡುಗಿ ಮಾತ್ರ ಮತ್ತೆ ಬರಲಿಲ್ಲ.

ಕಳೆದ ತಿಂಗಳು ಗಣೇಶಗುಡಿಯ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಪಕ್ಕದಲ್ಲಿ ಖಾಲಿ ಕ್ಯಾನು, ಸೆರಗು ಹಿಡಿದು ನಿಂತ ಸಣ್ಣ ಹುಡುಗ. ‘ಇವನ್ನ ಜೂನಿಗೆ ಒಂದನೇತ್ತಕ್ಕೆ ಹಾಕ್ತೀನಿ ಬಾಯಿ’ ಎಂದರು. ಮಗಳನ್ನು ಕೇಳಿದೆ. ಹಳಿಯಾಳದ ಕಡೆ ಚಿಕ್ಕಮ್ಮನ ಮನೆಯಲ್ಲಿದ್ದಾಳಂತೆ, ಮದುವೆ ಮಾತು ನಡೆದಿದೆಯಂತೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

‘ಹೊಸ ಕಮಿಟಿ ಆಗೂದಿದೆ’ ಎಂದೆ. ‘ನೀವು ಹೆಸರು ಕೊಡಿ.’

ನಾನು ‘ನೀವು’ ಎಂದದ್ದಕ್ಕೋ ಏನೋ, ಅವರು ಒಮ್ಮೆ ನನ್ನ ಮುಖ ನೋಡಿದರು. ‘ಈ ಸಲ ಊರವರು ಪಟ್ಟಿ ಮಾಡಿಲ್ಲೇನು?’ ಎಂದು ಕೇಳಿದರು.

‘ಮಾಡ್ತಾರೆ’ ಎಂದೆ.

ಬಸ್ಸು ಬಂತು. ಹುಡುಗನನ್ನು ಮೊದಲು ಹತ್ತಿಸಿ, ಕ್ಯಾನನ್ನು ಡ್ರೈವರನ ಹಿಂದೆ ಇಟ್ಟು, ಕಿಟಕಿಯಿಂದ, ‘ನೋಡೋಣ ಬಾಯಿ’ ಎಂದರು.